ಒಂದು ಪಟ್ಟಿ ಕೆಳಗೆ

ಆ ದಿನ ಬೆಳಿಗ್ಗೆ ನಮ್ಮ ಮನೆಯಲ್ಲಿ ಹಾಲು ಉಕ್ಕಿತು. ನಾನು ಒಲೆಯ ಮುಂದೆಯೇ ನಿಂತಿದ್ದೆ. ಕಣ್ಣು ಮಾತ್ರ ಪಡಸಾಲೆಯ ಮೂಲೆಯಲ್ಲಿದ್ದ ರಟ್ಟಿನ ಡಬ್ಬಿಯ ಮೇಲಿತ್ತು. ಹಿಂದಿನ ದಿನ ನಮ್ಮನೆಯವರು ಹುಬ್ಬಳ್ಳಿಯಿಂದ ಸಿಡಿ ಪ್ಲೇಯರ್ ತಂದಿದ್ದರು. ಬಿಚ್ಚಬೇಕು ಅನ್ನುವಷ್ಟರಲ್ಲಿ ಕರೆಂಟು ಹೋಗಿತ್ತು. ಬೆಳಗಾಗೆದ್ದು ಅಂಗಳಕ್ಕೆ ನೀರು ಹಾಕಿದೆ, ರಂಗೋಲಿಯ ಎಳೆ ಎರಡು ಸಲ ತಪ್ಪಿತು. ಅತ್ತೆಯ ಪೂಜೆಗೆ ತಂಬಿಗೆ ತುಂಬಿಟ್ಟೆ, ರೊಟ್ಟಿಗೆ ಎಸರಿಟ್ಟೆ, ನಡುನಡುವೆ ಬಂದು ಡಬ್ಬಿಯನ್ನು ಮುಟ್ಟಿ ನೋಡಿ ಹೋದೆ. ನಮ್ಮನೆಯವರು ಹತ್ತಿ ನೋಡಲು ಮುನವಳ್ಳಿಗೆ ಹೊರಟಿದ್ದರು. ಚಪ್ಪಲಿ ಮೆಟ್ಟುತ್ತ, "ಪುಸ್ತಕ ಪೂರಾ ಇಂಗ್ಲೀಷಿನ್ಯಾಗ ಐತಿ. ಕಾನ್ವೆಂಟ್‌ದಾಕಿ ನೀನ ಓದಿ ಹಚ್ಚು. ನಾ ಬರೂದು ಸಂಜೀಕ," ಎಂದು ಹೇಳಿ ಹೋದರು.

ಅವರು ಹೋಗಿ ಹತ್ತು ನಿಮಿಷವಾಗಿರಲಿಲ್ಲ, ಗೇಟಿನ ತಗಡಿನ ಮೇಲೆ ಟಕಟಕ, ಟಕ, ಟಕಟಕ ಎಂದು ಕೇಳಿತು. ಹಾಗೆ ಬಡಿಯುವವರು ಇಡೀ ಬೈಲಹೊಂಗಲದಲ್ಲಿ ಒಬ್ಬರೇ. ಪೇಟಿ ಮಾಸ್ತರು.

ಹಾರ್ಮೋನಿಯಂಗೆ ನಮ್ಮ ಕಡೆ ಪೇಟಿ ಎನ್ನುತ್ತಾರೆ. ಅದನ್ನು ಕಲಿಸುವುದು, ಕೆಟ್ಟರೆ ರಿಪೇರಿ ಮಾಡುವುದು, ಎರಡೂ ಮಾಸ್ತರ ಕೆಲಸ. ವಾರಕ್ಕೆ ಮೂರು ದಿನ ದೊಡವಾಡದಿಂದ ಬಸ್ಸಿನಲ್ಲಿ ಬಂದು ನಮ್ಮ ಓಣಿಯ ಹೆಂಗಸರ ಭಜನಾ ಬಳಗಕ್ಕೆ ಹಾಡು ಹೇಳಿಕೊಡುತ್ತಿದ್ದರು. ಬಳಗದ ಪೇಟಿ ಇರುತ್ತಿದ್ದದ್ದು ನಮ್ಮ ಪಡಸಾಲೆಯಲ್ಲಿ. ಅರವತ್ತು ದಾಟಿದ್ದ ಸಣಕಲು ಆಳು. ಕರಿ ಟೊಪ್ಪಿಗೆ, ಮೊಣಕೈಯಲ್ಲಿ ಹೊಳಪು ಬಂದ ಕೋಟು. ಅದರ ಜೇಬಿನಲ್ಲೊಂದು ಅರಿವೆಯ ಚೀಲ, ಚೀಲದೊಳಗೆ ಪೇಟಿಯ ಹಿತ್ತಾಳೆಯ ಸ್ವರಗಳನ್ನು ಕೆರೆಯುವ ತೆಳ್ಳನೆಯ ಚಾಕು, ಒಂದು ಸಣ್ಣ ಸ್ಕ್ರೂಡ್ರೈವರು. ಬೆರಳುಗಳಿಗೆ ಮಾತ್ರ ಕೂರುವುದೇ ಗೊತ್ತಿರಲಿಲ್ಲ. ಗೇಟಾಗಲಿ, ಬಸ್ಸಿನ ಕಿಟಕಿಯ ಸರಳಾಗಲಿ, ಚಹದ ಬಸಿಯ ಅಂಚಾಗಲಿ, ಎಲ್ಲವೂ ಅವರಿಗೆ ಪೇಟಿಯಲ್ಲಿ ಬೆರಳಿಟ್ಟು ಒತ್ತುವ ಪಟ್ಟಿಗಳೇ. ಅತ್ತೆ ಒಮ್ಮೆ, "ಮಾಸ್ತರ, ಆ ಬಸಿ ಒಡದ್ರ ನಿಮಗ ಚಹಾ ಸ್ಟೀಲ ವಾಟಗಾದಾಗ," ಎಂದು ಗದರಿಸಿದ್ದುಂಟು.

ಕೇಳಿದ್ದೆಲ್ಲಕ್ಕೂ ಪಟ್ಟಿ ಹೇಳುವುದು ಅವರ ಇನ್ನೊಂದು ಚಟ. ಪೇಟಿಯ ಬಿಳಿ ಪಟ್ಟಿಗಳನ್ನೂ ಕರಿ ಪಟ್ಟಿಗಳನ್ನೂ ಎಣಿಸಿ, ಬಿಳಿ ಮೂರು, ಕರಿ ಎರಡು ಎಂದು ಕರೆಯುವುದು ಹಾಡುವವರ ರೂಢಿ. ಮಾಸ್ತರಿಗೆ ಜಗತ್ತೇ ಹಾಗೆ. ಓಣಿಯ ತುದಿಯಲ್ಲಿ ಬಸ್ಸು ಹಾರ್ನ್ ಹೊಡೆದರೆ, "ಸವದತ್ತಿ ಗಾಡಿ. ಬಿಳಿ ಮೂರು," ಎನ್ನುವರು. ನಮ್ಮ ಕುಕ್ಕರಿನ ಸೀಟಿ ಕರಿ ಐದು, ಪಕ್ಕದ ಮನೆಯ ಶಾಂತಕ್ಕನ ಕುಕ್ಕರಿನದು ಅದಕ್ಕೂ ಮೇಲಿನದು. ಒಮ್ಮೆ ಎರಡೂ ಕೂಡಿ ಕೂಗಿದಾಗ ಮಾಸ್ತರು ಕಿವಿ ಮುಚ್ಚಿಕೊಂಡು, "ಯವ್ವಾ, ಇಬ್ಬರೂ ಒಂದ ಕಂಪನೀದು ತಗೋಬಾರದಿತ್ತ?" ಎಂದು ಕೇಳಿದ್ದರು. ನಗಲಿಲ್ಲ, ಅವರಿಗೆ ನಿಜವಾಗಿಯೂ ನೋವಾಗಿತ್ತು.

ನನಗೂ ಅವರಿಗೂ ಮೊದಲ ದಿನವೇ ಸಣ್ಣ ಜಟಾಪಟಿ ನಡೆದಿತ್ತು. ಬೆಳಗಾವಿಯ ಕಾನ್ವೆಂಟಿನಲ್ಲಿ ಪಿಯಾನೋ ನುಡಿಸುತ್ತಿದ್ದ ಸಿಸ್ಟರ್ ಒಬ್ಬರು ನಮಗೆ ದನಿ ಎತ್ತಿ ನೇರವಾಗಿ ಹಾಡುವುದನ್ನು ಕಲಿಸಿದ್ದರು. ನಾನು ಹಾಗೆಯೇ ಹಾಡಿದೆ. ಮಾಸ್ತರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. "ತಂಗೆವ್ವಾ, ದನಿ ಛೊಲೊ ಐತಿ. ಆದ್ರ ಇಸ್ತ್ರಿ ಮಾಡಿದ ಅರಬಿ ಆಗೇತಿ. ಸ್ವಲ್ಪ ಮುದ್ದಿ ಮಾಡ್ರಿ," ಎಂದರು. ಅದನ್ನು ಮುದ್ದೆ ಮಾಡಲು ನನಗೆ ಎರಡು ವರ್ಷ ಹಿಡಿಯಿತು.

ನಮ್ಮ ಬಳಗದ ಹಾಡುಗಳಿಗೆಲ್ಲ ಒಂದೇ ಆಧಾರ, ನನ್ನ ಹತ್ತಿರವಿದ್ದ ಒಂದು ಭಕ್ತಿಗೀತೆಗಳ ಕ್ಯಾಸೆಟ್ಟು. ಅದರ ಎರಡನೆಯ ಬದಿಯಲ್ಲೊಂದು ತೊಟ್ಟಿಲ ಪದ. ಯಾರ ಮನೆಯಲ್ಲಿ ಬಸುರಿಯ ಕುಬಸವಿರಲಿ, ಕೂಸಿಗೆ ಹೆಸರಿಡುವುದಿರಲಿ, ಅದನ್ನು ಹಾಡದೆ ನಾವು ಎದ್ದವರಲ್ಲ. ಕಲಿಯಲು ಶುರು ಮಾಡಿದ ಹೊಸತರಲ್ಲಿ ನಮ್ಮ ಟೇಪ್ ರೆಕಾರ್ಡರಿನ ಬೆಲ್ಟು ಸಡಿಲಾಗಿ ಹಾಡು ಎಳೆಯತೊಡಗಿತ್ತು. ಮಾಸ್ತರು ಹೊಸ ಬೆಲ್ಟು ಹಾಕಿದರು. ಆಮೇಲೆ ಪೇಟಿ ಹಿಡಿದು ನೋಡಿದರೆ ಹಾಡುವ ಬಾಯಿಯ, ಅಂದರೆ ಹಾಡುಗಾರ್ತಿಯ, ಸಾ ಯಾವ ಪಟ್ಟಿಯ ಮೇಲೂ ಕೂರಲೊಲ್ಲದು. ಎರಡು ಪಟ್ಟಿಗಳ ಸಂದಿಯಲ್ಲಿ ನಿಂತುಬಿಟ್ಟಿತ್ತು. ಮೋಟಾರಿನ ಬೆನ್ನಿನಲ್ಲಿ ಸಣ್ಣ ತೂತು, ಅದರೊಳಗೆ ಟೇಪಿನ ವೇಗ ಏರಿಸಿ ಇಳಿಸುವ ಒಂದು ಸ್ಕ್ರೂ; ವೇಗ ಏರಿದರೆ ದನಿಯೂ ಏರುತ್ತದೆ. ಮಾಸ್ತರು ಎಡಗೈಯಲ್ಲಿ ಪೇಟಿಯ ಸ್ವರ ಹಿಡಿದು, ಬಲಗೈಯಲ್ಲಿ ಆ ಸ್ಕ್ರೂವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸುತ್ತ ಹೋದರು. ದನಿ ಏರುತ್ತ ಏರುತ್ತ ಬಿಳಿ ಆರರ ಮೇಲೆ ಬಂದು, ಮುಚ್ಚಳ ಡಬ್ಬಿಗೆ ಕೂತಂತೆ, ಸರಿಯಾಗಿ ಕೂತಿತು. ಅವರ ಹಣೆಯ ಮೇಲೆ ಬೆವರಿನ ಸಾಲಿತ್ತು.

"ಮಷೀನ ಸುಳ್ಳ ಹೇಳಬಹುದು ತಂಗೆವ್ವಾ, ಪೇಟಿ ಹೇಳೂದಿಲ್ಲ," ಎಂದಿದ್ದರು ಅಂದು. ಬೇರೆಯವರ ಮನೆಯಲ್ಲಿ ಅದೇ ಹಾಡು ಸ್ವಲ್ಪ ಇಳಿದು ಕೇಳಿಸಿದರೆ, "ಅವರ ಬೆಲ್ಟ ಸಡಲ ಐತಿ," ಎಂದು ಮುಂದೆ ನಡೆದುಬಿಡುತ್ತಿದ್ದರು.

ಆ ಬಿಳಿ ಆರರಿಂದ ಪೆಟ್ಟು ತಿಂದವಳು ಶಾಂತಕ್ಕ. ನನಗಿಂತ ಹದಿನೈದು ವರ್ಷ ದೊಡ್ಡವಳು, ಬಳಗದಲ್ಲಿ ಎಲ್ಲರಿಗಿಂತ ಹೆಚ್ಚು ಹಾಡಿನ ಹುಚ್ಚಿನವಳು. ಕೆಳಗಿನ ದನಿಯಲ್ಲಿ ಬೆಲ್ಲ ಕರಗಿದಂತೆ ಹಾಡುತ್ತಿದ್ದಳು. ತೊಟ್ಟಿಲ ಪದದಲ್ಲಿ ಮೇಲಿನ ಸಾ ದಾಟುವ ಜಾಗ ಬಂದಾಗ ಮಾತ್ರ ದನಿ ಪಟ್ಟನೆ ಒಡೆದುಬಿಡುತ್ತಿತ್ತು. ಮಾಸ್ತರು ಎರಡು ತಿಂಗಳು ತಾಳಿದರು, ಆಮೇಲೆ ಅವಳ ಕೈಗೆ ಹಿತ್ತಾಳೆಯ ತಾಳ ಕೊಟ್ಟರು. "ತಾಳಾನೂ ಸಂಗೀತನ ತಂಗೆವ್ವಾ," ಎಂದರು. ಆರು ವರ್ಷ ಶಾಂತಕ್ಕ ತಾಳ ಬಡಿದಳು. ಹಾಡುವಾಗ ತುಟಿ ಅಲ್ಲಾಡುತ್ತಿತ್ತು, ದನಿ ಹೊರಗೆ ಬರುತ್ತಿರಲಿಲ್ಲ. ಅವಳ ಎದುರಿಗೇ ಕೂರುತ್ತಿದ್ದ ನಾನು ಅದನ್ನು ನೋಡಿಯೂ ನೋಡದಂತೆ ಇರುತ್ತಿದ್ದೆ.

ಈಗ ಅವಳ ಮಗಳು ಏಳು ತಿಂಗಳ ಬಸುರಿ. ಕುಬಸ ಮರುದಿನವೇ, ಶಾಂತಕ್ಕನ ಮನೆಯಲ್ಲೇ. ವಾರದ ಹಿಂದೆ ಅವಳು ತಾಳದ ದಾರವನ್ನು ಬೆರಳಿಗೆ ಸುತ್ತುತ್ತ ಕೇಳಿದ್ದಳು: "ಮಾಸ್ತರ, ಮಗಳ ಕುಬಸಕ್ಕರ ತೊಟ್ಟಿಲ ಪದ ನಾ ಎತ್ತಿಕೊಡ್ಲೇನ್ರಿ? ಒಂದ ನುಡಿ ಸಾಕು."

"ಬ್ಯಾಡ ತಂಗೆವ್ವಾ," ಎಂದಿದ್ದರು ಮಾಸ್ತರು. "ಬೀಗರು ಕುಂತಿರತಾರ. ಮ್ಯಾಲ ಹ್ವಾದ ಕೂಡಲೇ ನಿಮ್ಮ ದನಿ ಒಡೀತೈತಿ. ಮಗಳ ಮಾರಿ ಸಣ್ಣದಾದೀತು."

ಶಾಂತಕ್ಕ ಬೆರಳಿನ ದಾರ ಬಿಚ್ಚಿ ತಾಳ ಕೆಳಗಿಟ್ಟಳು. ಆದರೆ ಅಂದಿನಿಂದ ಹೊತ್ತುಹೊತ್ತಿಗೆ ಅವಳ ಅಡುಗೆಮನೆಯ ಕಿಟಕಿಯಿಂದ ಗಂಟಲಿಗೆಂದು ಕಾಯಿಸುವ ಮೆಣಸಿನ ಕಷಾಯದ ಘಾಟು ನಮ್ಮ ಮನೆಗೆ ಬರುತ್ತಿತ್ತು.

ಆ ಬೆಳಿಗ್ಗೆ ಮಾಸ್ತರು ಮೊದಲ ಬಸ್ಸಿಗೇ ಬಂದದ್ದು ಸಿಡಿಗಾಗಿ. ಅದೇ ಕ್ಯಾಸೆಟ್ಟಿನ ಹಾಡುಗಳು ಸಿಡಿಯಲ್ಲಿಯೂ ಬಂದಿವೆಯೆಂದು ತಿಳಿದು, ನಮ್ಮನೆಯವರು ಪ್ಲೇಯರಿನ ಜೊತೆ ಅದನ್ನೂ ತಂದಿದ್ದರು. "ಎಲ್ಲೈತಿ?" ಎಂದು ಬಾಗಿಲಿನಲ್ಲೇ ಕೇಳಿದರು ಮಾಸ್ತರು. ಕರೆಂಟು ಬರುವುದು ಹನ್ನೊಂದಕ್ಕೆ ಎಂದರೂ ಕೂರಲಿಲ್ಲ. ನಾನು ಪುಸ್ತಕ ಓದಿ ಹೇಳಿದೆ, ಅವರು ಕೆಂಪು ವಾಯರು ಕೆಂಪಿಗೆ, ಕರಿ ವಾಯರು ಕರಿಗೆ ಸಿಕ್ಕಿಸಿದರು. ಸ್ಪೀಕರುಗಳನ್ನು ಷೋಕೇಸಿನ ಮೇಲಿಟ್ಟರು, ಇಳಿಸಿದರು, ಕಿಟಕಿಯ ಕಟ್ಟೆಯ ಮೇಲಿಟ್ಟರು, ಮತ್ತೆ ಇಳಿಸಿದರು. ಅತ್ತೆ ಪೂಜೆ ಮುಗಿಸಿ, ಹೊಸ ವಸ್ತುವಲ್ಲವೇ, ವಿಭೂತಿ ಹಿಡಿದು ಬಂದರು. ಪ್ಲೇಯರಿನ ಹಣೆಗೆ ಮೂರು ಬೆರಳು ಎಳೆದರು, ಸ್ಪೀಕರಿಗೂ ಆಯಿತು. ಆಮೇಲೆ ನನ್ನ ಕೈಯಲ್ಲಿದ್ದ ಸಿಡಿ ನೋಡಿ, "ಹಾಡೂದು ಅದ ಅಲ್ಲ? ಅದಕ್ಕ ಹಚ್ಚದ ಬಿಡ್ತಾರೇನು?" ಎಂದು ಅದರ ಹೊಳೆಯುವ ಮೈಗೇ ಎಳೆದುಬಿಟ್ಟರು.

ಕರೆಂಟು ಬಂತು. ಗುಂಡಿ ಒತ್ತಿದರೆ ತಟ್ಟೆಯೊಂದು ನಾಲಿಗೆಯಂತೆ ತಾನೇ ಹೊರಗೆ ಬಂತು. ಅತ್ತೆ ಎರಡು ಹೆಜ್ಜೆ ಹಿಂದೆ ಸರಿದರು. ಸಿಡಿ ಇಟ್ಟೆವು. ಹಾಡು ಒಂದು ಮಾತು ಹೇಳಿ ತಡವರಿಸಿತು, ಮತ್ತೆ ಅದೇ ಮಾತು, ಮತ್ತೆ ಅದೇ. "ಇದೇನ ಬಿಕ್ಕಳಿಕಿ?" ಎಂದರು ಅತ್ತೆ. ನಾನು ಸಿಡಿ ತೆಗೆದು, ಸೆರಗಿನ ಮೆತ್ತನೆಯ ತುದಿಯಿಂದ ಆ ಮೂರು ಎಳೆಗಳನ್ನು ಒರೆಸಿದೆ. ಅತ್ತೆ ಮುಖ ಗಂಟಿಕ್ಕಿ ಒಳಗೆ ಹೋದರು.

ಈ ಸಲ ಹಾಡು ನಿಲ್ಲಲಿಲ್ಲ. ಸರಸರ ಸದ್ದಿಲ್ಲ, ಗುಂಯ್ ಎನ್ನುವುದಿಲ್ಲ. ಹಾಡುವಾಕೆ ಪದದ ನಡುವೆ ಉಸಿರು ತೆಗೆದುಕೊಂಡದ್ದೂ ಕೇಳಿಸಿತು. ನನಗೆ ಮೈ ಜುಮ್ಮೆಂದಿತು. ಜೊತೆಗೆ ಏನೋ ಬೇರೆ ಅನಿಸಿತು. ಕ್ಯಾಸೆಟ್ಟಿನಲ್ಲಿ ಹದಿನೆಂಟರ ಹುಡುಗಿಯಂತಿದ್ದವಳು ಈಗ ಎರಡು ಮಕ್ಕಳ ತಾಯಾಗಿ ಬಂದು ನಮ್ಮ ಪಡಸಾಲೆಯಲ್ಲಿ ಕೂತಿದ್ದಳು.

ಮಾಸ್ತರು ಪೇಟಿ ಎಳೆದುಕೊಂಡು ಬಿಳಿ ಆರು ಹಿಡಿದರು. ಹೊಂದಲಿಲ್ಲ. ಎರಡು ದನಿಗಳೂ ಒಂದಕ್ಕೊಂದು ಹಲ್ಲು ಕಡಿದವು.

"ಹೊಸಾ ಮಷೀನ. ಇನ್ನೂ ಕಾಯ್ದಿಲ್ಲ," ಎಂದರು.

ಅರ್ಧ ತಾಸು ಕಾಯಿಸಿದೆವು. ಪ್ಲೇಯರಿನ ಬೆನ್ನು ಬೆಚ್ಚಗಾಯಿತು, ದನಿ ಇದ್ದಲ್ಲೇ ಇತ್ತು. ಮಾಸ್ತರು ಚೀಲದಿಂದ ಸ್ಕ್ರೂಡ್ರೈವರು ತೆಗೆದು, ಪ್ಲೇಯರನ್ನು ತೊಡೆಯ ಮೇಲೆ ಬೋರಲು ಹಾಕಿಕೊಂಡರು. "ಸ್ಪೀಡಿನ ಸ್ಕ್ರೂ ಎಲ್ಲೈತಿ ನೋಡ್ರಿ ಪುಸ್ತಕದಾಗ."

ನಾನು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೂ ಓದಿದೆ. ಒಂದು ಮಾತು ಬಿಡದೆ ಎರಡನೆಯ ಸಲವೂ ಓದಿದೆ. "ಇದಕ್ಕ ಅಂಥಾ ಸ್ಕ್ರೂ ಇಲ್ರಿ ಮಾಸ್ತರ. ಇದರ ಸ್ಪೀಡ ಯಾರೂ ತಿರುಗಸಾಕ ಬರೂದಿಲ್ಲ."

"ಹಂಗಂದ್ರ?"

"ಬಾಯಿ ಹೆಂಗ ಹಾಡ್ಯಾಳ ಹಂಗ ಕೇಳತೈತಿ."

ಅವರು ಪ್ಲೇಯರನ್ನು ಕೂಸನ್ನು ಮಲಗಿಸಿದಂತೆ ಮೆಲ್ಲಗೆ ಕೆಳಗಿಟ್ಟರು. ಮತ್ತೆ ಹಚ್ಚಿ ಎಂದರು. ಬಿಳಿ ಆರರ ಮೇಲಿದ್ದ ಬೆರಳು ಪಕ್ಕದ ಕರಿ ಪಟ್ಟಿಗೆ ಇಳಿಯಿತು, ಕರಿ ನಾಲ್ಕಕ್ಕೆ. ಪೇಟಿ ಎಲ್ಲಿ ಮುಗಿಯಿತು, ಹಾಡು ಎಲ್ಲಿ ಶುರುವಾಯಿತು ತಿಳಿಯದಂತೆ ಎರಡೂ ಒಂದಾದವು. ಹಾಡು ಮುಗಿಯುವವರೆಗೂ ಮಾಸ್ತರು ಆ ಬೆರಳನ್ನು ಎತ್ತಲಿಲ್ಲ. ಅವರ ಉಳಿದ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಶಾಂತವ್ವ ತಾಳ ಹಿಡದು ಎಷ್ಟ ವರ್ಷ ಆತು?" ಎಂದು ಕೇಳಿದರು.

"ಆರು."

ಅವರು ಎದ್ದು ಬಾಗಿಲವರೆಗೂ ಹೋದರು, ತಿರುಗಿ ಬಂದರು, ಮತ್ತೆ ಹೋದರು. ಚಹ ತಣ್ಣಗಾಯಿತು. ಕಡೆಗೆ ನನ್ನ ಮುಖ ನೋಡದೆ ಹೇಳಿದರು: "ತಂಗೆವ್ವಾ, ಸಂಜೀಕ ಹೆಣ್ಮಕ್ಕಳು ಬರತಾರ. ಇದನ್ನ ಹಚ್ಚಬ್ಯಾಡ್ರಿ. ಇನ್ನೂ ಜೋಡಸಿಲ್ಲಂತ ಹೇಳಿಬಿಡ್ರಿ. ನಾಳೆ ಕುಬಸ ಆಗಿಹೋಗ್ಲಿ."

ನಾನು ತಲೆಯಾಡಿಸಿದೆ. ಹೌದೆಂದೋ ಅಲ್ಲವೆಂದೋ ನನಗೇ ಗೊತ್ತಿರಲಿಲ್ಲ. ಮಾಸ್ತರು ಊಟಕ್ಕೆ ನಿಲ್ಲಲಿಲ್ಲ. ಗೇಟು ಸದ್ದಿಲ್ಲದೆ ಮುಚ್ಚಿಕೊಂಡಿತು.

ಮಧ್ಯಾಹ್ನವಿಡೀ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಸ್ಪೀಕರುಗಳ ಮೇಲೆ ಅರಿವೆ ಹೊದಿಸಿದೆ, ತೆಗೆದೆ. ಡಬ್ಬಿಯೊಳಗೆ ತಿರುಗಿ ಇಡಬೇಕೆಂದು ಥರ್ಮಾಕೋಲು ಹುಡುಕಿದೆ. ಶಾಂತಕ್ಕ ಕುಬಸಕ್ಕೆ ಕರಜಿಕಾಯಿ ಕರಿಯುತ್ತಿದ್ದಳು. ಎಣ್ಣೆಯ ವಾಸನೆಯ ಜೊತೆ ಅವಳು ಮೆಲ್ಲಗೆ ಗುನುಗುವುದೂ ಕಿಟಕಿಯಿಂದ ಬರುತ್ತಿತ್ತು. ಅದೇ ತೊಟ್ಟಿಲ ಪದ. ತನ್ನಷ್ಟಕ್ಕೆ ಹಾಡುವಾಗ ಅವಳು ಇಳಿಸಿಕೊಂಡೇ ಹಾಡುತ್ತಿದ್ದಳು, ಮೇಲೆ ಹೋದರೂ ದನಿ ಒಡೆಯುತ್ತಿರಲಿಲ್ಲ. ಇಷ್ಟು ವರ್ಷ ನಾನು ಅದನ್ನು ಕೇಳಿಯೇ ಇದ್ದೆ, ಗಮನಿಸಿರಲಿಲ್ಲ. ಒಂದು ಸಲ ಕಿಟಕಿಗೆ ಬಂದು, "ಸುಮಾ, ಹೊಸಾದು ಹಚ್ಚೀಯೇನ? ಬೆಳಿಗ್ಗೆ ಏನೋ ಕೇಳಿಸಿದಂಗಾತು," ಎಂದಳು. "ಇನ್ನೂ ಪೂರಾ ಆಗಿಲ್ಲ ಶಾಂತಕ್ಕ," ಎಂದೆ. ಕಾನ್ವೆಂಟಿನಲ್ಲಿ ಸುಳ್ಳು ಹೇಳಿದಾಗ ಅಂಗೈ ಬೆವರುತ್ತಿದ್ದಂತೆಯೇ ಈಗಲೂ ಬೆವರಿತು. ಅತ್ತೆ ಒಳಗಿನಿಂದ ನನ್ನನ್ನೇ ನೋಡುತ್ತಿದ್ದರು.

ಮಾಸ್ತರು ಇಲ್ಲವಾಗಿ ಈಗ ಬಹಳ ವರ್ಷಗಳಾದವು. ಕೊನೆಯ ಸಲ ನೋಡಿದ್ದು ದೊಡವಾಡದ ಅವರ ಮನೆಯಲ್ಲಿ. ಹಾಸಿಗೆ ಹಿಡಿದಿದ್ದರು. ಮಾತು ಕಡಿಮೆಯಾಗಿತ್ತು, ಬೆರಳುಗಳು ಮಾತ್ರ ಕೌದಿಯ ಅಂಚಿನ ಮೇಲೆ ಓಡುತ್ತಿದ್ದವು. "ಈಗ ಯಾವ ಪಟ್ಟಿ ಹಿಡೀತೀರಿ?" ಎಂದು ಕೇಳಿದರು. "ಕರಿ ನಾಕು," ಎಂದೆ. ಕಣ್ಣು ಮುಚ್ಚಿಕೊಂಡು, "ಹಾಂ, ಬಿಡಬ್ಯಾಡ್ರಿ," ಎಂದರು. ಆದರೆ ಮಾಸ್ತರು ಎಂದರೆ ನನ್ನ ಕಣ್ಣಿಗೆ ಬರುವುದು ಆ ಹಾಸಿಗೆಯಲ್ಲ, ಕುಬಸದ ಹಿಂದಿನ ಆ ಸಂಜೆಯೇ.

ಐದಕ್ಕೆ ಹೆಂಗಸರು ಒಬ್ಬೊಬ್ಬರೇ ಬಂದು ಚಾಪೆಯ ಮೇಲೆ ಕೂತರು. ಶಾಂತಕ್ಕ ಕೈಗೆ ಹತ್ತಿದ ಹಿಟ್ಟನ್ನು ಸೆರಗಿಗೆ ಒರೆಸುತ್ತ ಬಂದು, ತನ್ನ ಜಾಗದಲ್ಲಿ ಕೂತು ತಾಳ ಎತ್ತಿಕೊಂಡಳು. ಎಲ್ಲರ ಕಣ್ಣೂ ಹೊಸ ಪ್ಲೇಯರಿನ ಮೇಲೆ. "ಏನ್ ಸುಮಾ, ತೋರಸಾಕ ಇಟ್ಟೀಯೇನ?" ಎಂದು ಒಬ್ಬಳು ನಕ್ಕಳು. ನಾನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲಿನಲ್ಲಿ ಮಾಸ್ತರು. ಬೆಳಗಿನಿಂದ ಊರು ತಿರುಗಿದವರಂತೆ ಧೋತರದ ಅಂಚೆಲ್ಲ ಧೂಳು.

"ಹಚ್ಚರಿ ತಂಗೆವ್ವಾ," ಎಂದರು.

ನಾನು ಅವರ ಮುಖ ನೋಡಿದೆ.

"ಹಚ್ಚರಿ ಅಂದೆ. ತೊಟ್ಟಿಲ ಪದ."

ಹಚ್ಚಿದೆ. ಹೆಂಗಸರು ಬೆರಗಾಗಿ ಕೇಳಿದರು. "ಎಷ್ಟ ನೀಟ ಐತಿ," ಎಂದಳು ಒಬ್ಬಳು. "ಬಾಯಿ ಸ್ವಲ್ಪ ಸಾವಕಾಶ ಹಾಡತಾಳಲ್ಲ?" ಎಂದಳು ಇನ್ನೊಬ್ಬಳು. ಅಷ್ಟೇ. ಪಟ್ಟಿ ಇಳಿದದ್ದು ಯಾರಿಗೂ ತಿಳಿಯಲಿಲ್ಲ. ಮಾಸ್ತರು ಅಲ್ಲಿಗೇ ಬಿಟ್ಟಿದ್ದರೆ ಎಂದೂ ತಿಳಿಯುತ್ತಿರಲಿಲ್ಲ. ನಾನಂತೂ ಹೇಳುವವಳಲ್ಲ ಎಂಬುದು ಅವರಿಗೆ ಗೊತ್ತಿತ್ತು.

ಅವರು ಪೇಟಿಯ ಮುಂದೆ ಕೂತು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟರು. "ಶಾಂತವ್ವಾ, ತಾಳ ಕೆಳಗಿಡ್ರಿ. ನೀವ ಎತ್ತಿಕೊಡ್ರಿ."

ಶಾಂತಕ್ಕ ನನ್ನತ್ತ ನೋಡಿದಳು. "ನಾನೇನ್ರಿ?"

"ನೀವ. ಕರಿ ನಾಕರ ಮ್ಯಾಲ ಹಿಡದೇನಿ, ಬರ್ರಿ."

ಅವಳು ಶುರು ಮಾಡಿದಳು. ಮೊದಲ ಸಾಲು ನಡುಗಿತು, ಎರಡನೆಯದು ನಿಂತಿತು. ಮೇಲೆ ಹೋಗುವ ಜಾಗ ಬಂದಾಗ ನಾವೆಲ್ಲ ಉಸಿರು ಬಿಗಿಹಿಡಿದೆವು. ಅವಳು ಕಣ್ಣು ಮುಚ್ಚಿದಳು. ದನಿ ಮೇಲಿನ ಸಾ ಮುಟ್ಟಿ, ಅದನ್ನೂ ದಾಟಿ, ಒಂದಿಷ್ಟೂ ಸೀಳದೆ ತಿರುಗಿ ಕೆಳಗಿಳಿದು ಬಂತು. ಒಳಗಿನಿಂದ ಅತ್ತೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತರು.

ಹಾಡು ಮುಗಿದ ಮೇಲೆ ಮಾಸ್ತರು ಪೇಟಿಗೆ ಗಾಳಿ ಊದುವ ಭಾತೆ ಮುಚ್ಚಿದರು. ಎಲ್ಲರೂ ಕೇಳುವಂತೆ ಹೇಳಬೇಕೆಂದುಕೊಂಡಿದ್ದರೇನೋ, ಗಂಟಲಿನಿಂದ ಬಂದದ್ದು ಅರ್ಧವೇ. "ತಪ್ಪ ನಂದ ತಂಗೆವ್ವಾ. ಆ ಟೇಪಿನ ಸ್ಕ್ರೂ ತಿರುವಿ ಒಂದ ಪಟ್ಟಿ ಮ್ಯಾಲ ಏರಿಸಿಟ್ಟಿದ್ದೆ. ಆರು ವರ್ಷ ಅದನ್ನ ಖರೇ ಅಂತ ತಿಳದೆ. ನಿಮ್ಮ ದನಿಯಾಗ ಏನೂ ಐಬ ಇರಲಿಲ್ಲ. ನಾಳೆ ನೀವ ಹಾಡಬೇಕು."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಸ್ಕ್ರೂ, ಪಟ್ಟಿ ಯಾವುದೂ ಅವರಿಗೆ ಸರಿಯಾಗಿ ತಲೆಗೆ ಹೋದಂತಿರಲಿಲ್ಲ. ಶಾಂತಕ್ಕನಿಗೆ ಕೇಳಿಸಿದ್ದು ಕೊನೆಯ ಮಾತೊಂದೇ. ಸೆರಗಿನಿಂದ ಕಣ್ಣೊರೆಸಿಕೊಂಡಳು, ತಾಳವನ್ನು ಪಕ್ಕದವಳ ತೊಡೆಯ ಮೇಲಿಟ್ಟಳು, ಮತ್ತೊಮ್ಮೆ ಹಾಡಿದಳು, ಇನ್ನೊಮ್ಮೆ ಹಾಡಿದಳು.

ದೊಡವಾಡದ ಬಸ್ಸಿನ ಹೊತ್ತಾಯಿತೆಂದು ಮಾಸ್ತರು ಎದ್ದರು. ನಾನೂ ಶಾಂತಕ್ಕನೂ ಗೇಟಿನವರೆಗೆ ಬಂದೆವು. ಅವರು ಓಣಿಯ ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲೇ ನಿಂತಿದ್ದೆವು. ಹೋಗುತ್ತ ಹೋಗುತ್ತ ಕಂಬವೊಂದನ್ನು ಬೆರಳಿನಿಂದ ಬಡಿದು ಹೋದರು. ನಾನು ಅವಳಿಗೆ ಎಲ್ಲವನ್ನೂ ಮೊದಲಿನಿಂದ ಬಿಡಿಸಿ ಹೇಳಬೇಕೆಂದು, ಮಾತು ಎಲ್ಲಿಂದ ಶುರು ಮಾಡಲಿ ಎಂದು ಯೋಚಿಸುತ್ತಿದ್ದೆ.

ಅಷ್ಟರಲ್ಲಿ ಶಾಂತಕ್ಕ ಗೇಟಿಗೆ ಚಿಲಕ ಹಾಕುತ್ತ ಹೇಳಿದಳು: "ಎಂಟ ದಿನದ ಕಷಾಯ ನೋಡ ಸುಮಾ, ಈಗ ದನಿಗೆ ಹತ್ತೇತಿ. ನಾಳೆ ಮಾಸ್ತರಗೂ ಒಂದ ವಾಟಗಾ ಕೊಡತೇನಿ, ಪಾಪ, ಇವತ್ತ ಅವರ ದನಿ ಯಾಕೋ ಬಿದ್ದಿತ್ತು."